ಗೇಜ್ ತೋರಿಸಿದ 92 ಮೈಕ್ರಾನ್

ಹೋದ ತಿಂಗಳು ತಿಪಟೂರಿನಲ್ಲಿ ದೊಡ್ಡಪ್ಪನ ಮಗನ ಮನೆ ಗೃಹಪ್ರವೇಶ. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿದ್ದ ಚಿಕ್ಕಪ್ಪ ಕೇಳಿದರು, "ನೀನು ವಿಮಾನದಲ್ಲಿ ಏನು ನೋಡ್ಕೊಳ್ತೀಯಮ್ಮ, ಇಂಜಿನ್ನಾ?"

"ಇಂಜಿನ್ನೂ ಇದೆ ಚಿಕ್ಕಪ್ಪ, ಆದ್ರೆ ಜಾಸ್ತಿ ಬಣ್ಣ. ಎಲ್ಲಿ ಸವೆದಿದೆ, ಎಲ್ಲಿ ಬಿಟ್ಟುಕೊಂಡಿದೆ ಅಂತ ನೋಡೋದು."

"ಸವೆದ್ರೆ ಇನ್ನೊಂದು ಕೈ ಬಳಿದ್ರಾಯ್ತಲ್ಲ" ಅಂದರು. ಅಷ್ಟರಲ್ಲಿ ಹೋಳಿಗೆ ಬಂತು, ತುಪ್ಪ ಬಂತು. ಮಾತು ಬೇರೆ ಕಡೆ ಹೋಯಿತು. ಅವತ್ತು ಅವರಿಗೆ ಹೇಳಬೇಕು ಅಂದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಲ್ಯೂಮಿನಿಯಂ ವಿಮಾನದ ಮೈ ಮೇಲೆ ಸಾಮಾನ್ಯವಾಗಿ ಎರಡು ಪದರ ಇರುತ್ತವೆ. ಕೆಳಗಡೆ ಪ್ರೈಮರ್. ಹಸಿರು ಕಲೆಸಿದ ಹಳದಿ ಬಣ್ಣ, 15ರಿಂದ 25 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರಾನ್. ಪ್ರೈಮರಿನೊಳಗಿನ ಕ್ರೋಮೇಟ್ ಅನ್ನುವ ರಾಸಾಯನಿಕ, ಲೋಹಕ್ಕೆ ತುಕ್ಕು ತಗಲದಂತೆ ಕಾಯುತ್ತದೆ. ಪ್ರೈಮರಿನ ಮೇಲೆ ಪಾಲಿಯುರಿಥೇನ್ ಟಾಪ್‌ಕೋಟ್, 50ರಿಂದ 75 ಮೈಕ್ರಾನ್. ನಾವು ಕಣ್ಣಿಂದ ನೋಡುವ ಬಿಳಿ, ನೀಲಿ, ಕೆಂಪು ಎಲ್ಲ ಅದೇ. ಎರಡೂ ಸೇರಿದರೆ ಹೆಚ್ಚುಕಡಿಮೆ ಪ್ರಿಂಟರಿಗೆ ಹಾಕುವ ಒಂದು ಎ4 ಹಾಳೆಯಷ್ಟು ದಪ್ಪ. ಅಷ್ಟೇ.

ಆ ಒಂದು ಹಾಳೆಯ ಪಾಡು ನೋಡಿ. 35,000 ಅಡಿ ಮೇಲೆ ಮೈನಸ್ 54 ಡಿಗ್ರಿ ಚಳಿ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಇಳಿದರೆ 40 ದಾಟಿದ ಬಿಸಿಲು. ಇಳಿಯುವಾಗ ಮೋಡದೊಳಗೆ 250 ನಾಟ್ ವೇಗದಲ್ಲಿದ್ದರೂ ಒಂದೊಂದು ಮಳೆಹನಿ ಸೆಕೆಂಡಿಗೆ ಸುಮಾರು 130 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ರನ್‌ವೇ ಧೂಳು ಬೇರೆ. ಹೈಡ್ರಾಲಿಕ್ ಎಣ್ಣೆ ಸೋರಿದರೆ ಬಣ್ಣ ಮೆತ್ತಗಾಗಿ ಏಳುತ್ತದೆ.

ಹಾಗಾದರೆ ಚಿಕ್ಕಪ್ಪ ಹೇಳಿದ ಹಾಗೆ ಸುಮ್ನೆ ಇನ್ನೊಂದು ಕೈ ಬಳಿಯಬಾರದಾ? ಬಳಿಯಬಹುದು, ಲೆಕ್ಕ ಇಟ್ಟುಕೊಂಡು. ದೊಡ್ಡ ವಿಮಾನದಲ್ಲಿ ಬಣ್ಣದ ತೂಕವೇ ನೂರಾರು ಕಿಲೋ. ಬಾಲದಲ್ಲಿರುವ ರಡ್ಡರ್, ಎಲಿವೇಟರಿನಂಥ ಅಲುಗಾಡುವ ಭಾಗಗಳಿಗೆ ಬಣ್ಣ ಜಾಸ್ತಿ ಆದರೆ ಅವುಗಳ ತೂಕದ ಸಮತೋಲನ ತಪ್ಪುತ್ತದೆ, ಹಾರುವಾಗ ಅದುರತೊಡಗಬಹುದು. ಮೂತಿಯಲ್ಲಿರುವ ರೇಡೋಮ್ ಮೇಲೆ ದಪ್ಪ ಬಳಿದರೆ ಒಳಗಿನ ರೇಡಾರಿಗೆ ಮಬ್ಬು. ಸಿಡಿಲು ಬಡಿದರಂತೂ ದಪ್ಪ ಬಣ್ಣ ಇರುವ ಕಡೆ ಅದು ಸರಿದು ಹೋಗದೆ ಒಂದೇ ಜಾಗದಲ್ಲಿ ನಿಂತು ಸುಡುತ್ತದೆ. ಕೆರೆದು ನೋಡೋಣ ಅಂದರೆ ಕೆರೆದ ಜಾಗ ಗಾಯವಾಗುತ್ತದೆ, ಕ್ರೋಮೇಟ್ ಧೂಳು ಉಸಿರಿಗೆ ಹೋದರೆ ಕ್ಯಾನ್ಸರ್ ತರುವಂಥದ್ದು. ಅದಕ್ಕೇ ಮುಟ್ಟಿಯೂ ಗಾಯ ಮಾಡದ ದಾರಿಗಳು ಬೇಕು. ಅದಕ್ಕೆ ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್ ಅಂತ ಹೆಸರು, ನಮ್ಮ ಕಡೆ ಎಲ್ಲರೂ ಎನ್‌ಡಿಟಿ ಅನ್ನುತ್ತೇವೆ.

ನಾನು ದಿನಾ ಕೈಯಲ್ಲಿ ಹಿಡಿಯುವುದು ಎಡ್ಡಿ ಕರೆಂಟ್ ಗೇಜ್. ದಪ್ಪ ಪೆನ್ನಿನಂಥ ಪ್ರೋಬ್, ಅದರ ತುದಿಯಲ್ಲಿ ಒಂದು ಪುಟ್ಟ ತಂತಿ ಸುರುಳಿ. ಸುರುಳಿಯಲ್ಲಿ ಕರೆಂಟ್ ಸರಸರ ದಿಕ್ಕು ಬದಲಿಸುತ್ತಿರುತ್ತದೆ. ಲೋಹದ ಹತ್ತಿರ ಹಿಡಿದರೆ ಲೋಹದೊಳಗೂ ಸುಳಿ ಸುಳಿಯಾಗಿ ಕರೆಂಟ್ ಹುಟ್ಟುತ್ತದೆ, ಆ ಸುಳಿ ತಿರುಗಿ ಸುರುಳಿಯನ್ನು ತಳ್ಳುತ್ತದೆ. ಹತ್ತಿರ ಇದ್ದಷ್ಟೂ ತಳ್ಳು ಜೋರು, ದೂರ ಹೋದಷ್ಟೂ ಮೆತ್ತಗೆ. ಮಧ್ಯೆ ಬಣ್ಣ ಇದ್ದರೆ ಅದು ಸುರುಳಿಯನ್ನು ಅಷ್ಟು ದೂರ ಇಡುತ್ತದೆ. ಗೇಜ್ ಆ ದೂರವನ್ನು ಮೈಕ್ರಾನಿನಲ್ಲಿ ಹೇಳುತ್ತದೆ.

ಇದನ್ನು ನಿಧಾನಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಗೇಜ್ ಬಣ್ಣವನ್ನು ನೋಡುವುದೇ ಇಲ್ಲ. ತಾನು ಲೋಹದಿಂದ ಎಷ್ಟು ದೂರ ಇದ್ದೇನೆ ಅಂತ ಮಾತ್ರ ಅದಕ್ಕೆ ಗೊತ್ತು. ನಡುವೆ ಇರುವುದು ಬಣ್ಣವೋ, ಧೂಳೋ, ಗಾಳಿಯೋ ಅದಕ್ಕೆ ಒಂದೇ. ಇದು ತಲೆಗೆ ಹೋಗಲು ನನಗೆ ಒಂದು ತಪ್ಪು ಬೇಕಾಯಿತು.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ನಾಲ್ಕು ಸೀಟಿನ ಒಂದು ಪುಟ್ಟ ತರಬೇತಿ ವಿಮಾನ ಹ್ಯಾಂಗರಿಗೆ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡಿಗೆ, ಬಂದಿತ್ತು. ರೆಕ್ಕೆಯ ಬಣ್ಣದ ದಪ್ಪ ನೋಡಿ ಬರೆದುಕೊಡು ಅಂತ ನನಗೆ ಹೇಳಿದ್ದರು. ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ಮುಂಚೂಣಿ ಎಷ್ಟೋ ಸಲ ಬರೀ ಲೋಹವೇ ಇರುತ್ತದೆ. ಇದಕ್ಕೆ ಪೂರ್ತಿ ಬಣ್ಣ ಇತ್ತು. ಪದ್ಧತಿಯಂತೆ ಮೊದಲು ಬರಿಯ ಅಲ್ಯೂಮಿನಿಯಂ ತಟ್ಟೆಯ ಮೇಲೆ ಪ್ರೋಬ್ ಇಟ್ಟು ಸೊನ್ನೆ ಮಾಡಿದೆ. ಆಮೇಲೆ 50 ಮೈಕ್ರಾನಿನ ಪ್ಲಾಸ್ಟಿಕ್ ಶಿಮ್, ಅಂದರೆ ದಪ್ಪ ಗೊತ್ತಿರುವ ತೆಳು ಹಾಳೆ, ಇಟ್ಟೆ, 50 ಬಂತು. 125ರದ್ದು ಇಟ್ಟೆ, 125 ಬಂತು. ಎಲ್ಲ ಸರಿಯಾಗಿದೆ ಅಂತ ಶುರು ಮಾಡಿದೆ.

ರೆಕ್ಕೆಯ ಮೇಲ್ಭಾಗ 108, 111, 106. ಮುಂಚೂಣಿಯಲ್ಲಿ, ಅಂದರೆ ನಾವು ಲೀಡಿಂಗ್ ಎಡ್ಜ್ ಅನ್ನುವ ದುಂಡು ಅಂಚಿನಲ್ಲಿ, 92, 88, 95. ಒಂದು ಕಡೆ 70. ಸ್ವಲ್ಪ ಸವೆದಿದೆ, ಪರವಾಗಿಲ್ಲ ಅಂತ ಬರೆದು ಸಹಿ ಹಾಕಿದೆ.

ನಮ್ಮ ಹಿರಿಯ ಇನ್‌ಸ್ಪೆಕ್ಟರ್ ಆ ಹಾಳೆ ಓದಿದರು. ಏನೂ ಮಾತಾಡಲಿಲ್ಲ. ಟಾರ್ಚ್ ತೆಗೆದುಕೊಂಡು ರೆಕ್ಕೆಯ ಹತ್ತಿರ ಹೋಗಿ, ಬೆಳಕು ಮೈಗೆ ತಾಗಿಕೊಂಡೇ ಹರಿಯುವ ಹಾಗೆ ಅಡ್ಡ ಹಿಡಿದರು. ಮೇಲ್ಭಾಗ ಮಿರಿಮಿರಿ ಹೊಳೆಯಿತು. ಅಂಚಿನಲ್ಲಿ ಉಗುರು ತಾಗಿಸಿದಂಥ ಚುಕ್ಕಿ ಚುಕ್ಕಿ, ಹೊಳಪೇ ಇಲ್ಲ.

"ಸೊನ್ನೆ ಎಲ್ಲಿ ಮಾಡಿದ್ಯಮ್ಮ?"

"ತಟ್ಟೆ ಮೇಲೆ ಸರ್."

"ರೆಕ್ಕೆ ತುದಿ ತಟ್ಟೆ ಥರ ಇದ್ಯಾ?"

ಒಳಗೆ ಹೋಗಿ ಗುಜರಿ ಪೆಟ್ಟಿಗೆಯಿಂದ ಒಂದು ಹಳೇ ಲೀಡಿಂಗ್ ಎಡ್ಜಿನ ತುಂಡು ತಂದರು. ಅಂಗೈ ಅಗಲ, ಅದೇ ದುಂಡು, ಬಣ್ಣ ಪೂರ್ತಿ ತೆಗೆದದ್ದು. "ಇಡು" ಅಂದರು. ಬರೀ ಲೋಹದ ಮೇಲೆ ಪ್ರೋಬ್ ಇಟ್ಟೆ. ಗೇಜ್ 34 ತೋರಿಸಿತು.

ಬಣ್ಣವೇ ಇಲ್ಲದ ಕಡೆ 34 ಮೈಕ್ರಾನ್. ದುಂಡಗಿನ ಮೇಲ್ಮೈ ಪ್ರೋಬಿನ ತುದಿಯಿಂದ ಎರಡೂ ಕಡೆ ಕೆಳಗೆ ಬಾಗಿ ದೂರ ಹೋಗುತ್ತದೆ. ಸುರುಳಿಯ ಕೆಳಗೆ ಇರಬೇಕಾದಷ್ಟು ಲೋಹ ಹತ್ತಿರದಲ್ಲಿ ಇಲ್ಲ, ಸುಳಿ ಸಪ್ಪೆಯಾಗುತ್ತದೆ. ದೂರ ಇದ್ದೇನೆ ಅಂತ ಗೇಜ್ ತಿಳಿದುಕೊಳ್ಳುತ್ತದೆ. ಅಂದರೆ ನನ್ನ 92 ನಿಜವಾಗಿ 58ರ ಆಸುಪಾಸು. ಆ 70 ಇದ್ದ ಕಡೆ ಬರೀ 36. ಟಾಪ್‌ಕೋಟ್ ಹೆಚ್ಚುಕಡಿಮೆ ಮುಗಿದು ಪ್ರೈಮರ್ ಹೊರಗೆ ಇಣುಕುವ ಹಂತ. ಮಳೆಗಾಲ ಮುಂದಿತ್ತು.

ಅವರು ಬೈಯಲಿಲ್ಲ. ಆ ತುಂಡಿನ ಮೇಲೆ ಮತ್ತೆ ಸೊನ್ನೆ ಮಾಡಿಸಿ ಪೂರ್ತಿ ರೆಕ್ಕೆ ಇನ್ನೊಂದು ಸಲ ಅಳೆಸಿದರು. ಸಂಜೆ ಏಳೂವರೆ ಆಯಿತು. ನನಗೆ ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ನಾನು ಸುಳ್ಳು ಬರೆದಿರಲಿಲ್ಲ, ಗೇಜ್ ತೋರಿಸಿದ್ದನ್ನೇ ಬರೆದಿದ್ದೆ. ಆದರೂ ಹಾಳೆಯ ಮೇಲಿದ್ದದ್ದು ನಿಜವಾಗಿರಲಿಲ್ಲ. ಆ ದುಂಡು ತುಂಡು ಈಗ ನನ್ನ ಪೆಟ್ಟಿಗೆಯಲ್ಲಿದೆ. ಅವರು ನಿವೃತ್ತರಾಗುವಾಗ ಕೇಳಿ ತೆಗೆದುಕೊಂಡೆ.

ಕಾರ್ಬನ್ ಫೈಬರ್ ವಿಮಾನಗಳು ಬಂದ ಮೇಲೆ ಇದೇ ಗೇಜ್ ಅರ್ಧಕ್ಕರ್ಧ ಕಡೆ ನಡೆಯುವುದಿಲ್ಲ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ ಕಾಂಪೊಸಿಟ್, ಅಂದರೆ ನಾರನ್ನು ರೆಸಿನ್ ಅನ್ನುವ ಅಂಟಿನಲ್ಲಿ ಸೇರಿಸಿ ಮಾಡಿದ್ದು. ಅಲ್ಲಿ ಅಲ್ಯೂಮಿನಿಯಂನಂಥ ಒಳ್ಳೇ ಲೋಹ ಕೆಳಗಿಲ್ಲ. ಅಲ್ಟ್ರಾಸೌಂಡ್ ಪ್ರೋಬಿಗೆ ಒಂದು ತೊಟ್ಟು ಜೆಲ್ ಹಚ್ಚಿ ಇಟ್ಟು, ಒಂದೊಂದು ಪದರದಿಂದ ಬರುವ ಪ್ರತಿಧ್ವನಿ ಹಿಡಿಯಬೇಕು. ಬಣ್ಣವೂ ಅದರ ಕೆಳಗಿನ ರೆಸಿನ್ನೂ ಶಬ್ದಕ್ಕೆ ಒಂದೇ ಥರ ಇರುವುದರಿಂದ ಅವೆರಡರ ಗಡಿಯಿಂದ ಬರುವ ಸದ್ದು ಬಹಳ ಸಣ್ಣದು. ಮೈಕ್ರೋವೇವ್‌ಗೂ ಇನ್‌ಫ್ರಾರೆಡ್‌ಗೂ ನಡುವಿನ ಟೆರಾಹರ್ಟ್ಸ್ ಅಲೆಯ ಉಪಕರಣಗಳೂ ಬಂದಿವೆ. ಅವು ಬಣ್ಣದ ಪದರಗಳನ್ನು ಬೇರೆ ಬೇರೆಯಾಗಿ ಎಣಿಸುತ್ತವೆ, ಕಾರ್ಬನ್ನಿಗೆ ತಲುಪಿದರೆ ಅಲ್ಲಿಗೆ ನಿಂತುಬಿಡುತ್ತವೆ. ಬಣ್ಣ ನೋಡುವುದಕ್ಕೆ ಅಷ್ಟು ಸಾಕು.

ಕಾಂಪೊಸಿಟ್ ಮೇಲಿನ ಬಣ್ಣ ಎಷ್ಟು ದೊಡ್ಡ ವಿಷಯ ಆಗಬಹುದು ಅನ್ನುವುದಕ್ಕೆ ಏರ್‌ಬಸ್ ಎ350 ವಿವಾದ ನೆನಪಿರಬಹುದು. ಬಣ್ಣ ಬಿರುಕು ಬಿಟ್ಟು, ಸಿಡಿಲಿನಿಂದ ಕಾಪಾಡಲು ಕೆಳಗೆ ಹಾಸಿದ್ದ ತಾಮ್ರದ ಜಾಲರಿ ಹೊರಗೆ ಕಾಣತೊಡಗಿತು. ಕತಾರ್ ಏರ್‌ವೇಸ್ ತನ್ನ ಹಲವು ವಿಮಾನ ನಿಲ್ಲಿಸಿತು, ಜಗಳ 2021ರಲ್ಲಿ ಲಂಡನ್ ಕೋರ್ಟಿಗೆ ಹೋಯಿತು. ಇದು ಹಾರಾಟದ ಸುರಕ್ಷತೆಯ ಸಮಸ್ಯೆ ಅಲ್ಲ ಅಂತ ಯುರೋಪಿನ ನಿಯಂತ್ರಕರು ಹೇಳಿದರು. 2023ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ರಾಜಿಯಾದರು. "ಬರೀ ಬಣ್ಣ ಅಲ್ವಾ" ಅಂತ ಯಾರಾದರೂ ಅಂದಾಗ ನಾನು ಇದನ್ನು ಹೇಳುತ್ತೇನೆ.

ಇನ್ನು ದಪ್ಪ ಸರಿಯಾಗಿದ್ದು ಹಿಡಿತ ಬಿಟ್ಟ ಬಣ್ಣ. ಇದು ಸವೆತಕ್ಕಿಂತ ಮೋಸದ್ದು. ಸುತ್ತ ಎಲ್ಲ 105 ಇದ್ದು ಒಂದು ಕಡೆ 140 ಬಂದರೆ ಅಲ್ಲಿ ಬಣ್ಣ ಚೆನ್ನಾಗಿದೆ ಅನ್ನಿಸುತ್ತದೆ. ಅದು ಬಣ್ಣ ಊದಿಕೊಂಡು ಕೆಳಗೆ ಗಾಳಿ ಸೇರಿರುವುದೂ ಆಗಬಹುದು. ಗೇಜಿಗೆ ಗಾಳಿಯೂ ದೂರವೇ ತಾನೆ.

ಇಂಥದ್ದನ್ನು ಹಿಡಿಯುವುದು ನಾನು ಚಿಕ್ಕವಳಿದ್ದಾಗಿಂದ ನೋಡಿದ್ದೇನೆ. ನಮ್ಮದು ಕೊಬ್ಬರಿ ಊರು. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ನೀರು ಒಳಗೇ ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಬಿಟ್ಟಿದೆಯಾ ಇಲ್ಲವಾ ಅಂತ ನೋಡಲು ಕಾಯಿ ಒಡೆದರೆ, ಬಿಡದಿದ್ದ ಕಾಯಿ ಹಾಳು. ಅಪ್ಪ ಒಂದೊಂದೇ ಕಾಯಿ ಕಿವಿ ಹತ್ತಿರ ತಂದು ಅಲ್ಲಾಡಿಸುತ್ತಿದ್ದರು. ನೀರಿನ ಸದ್ದು ಬಂದರೆ ವಾಪಸ್ ಅಟ್ಟಕ್ಕೆ. ಸದ್ದೇ ಇಲ್ಲದಿದ್ದರೆ ನೀರು ಬತ್ತಿದೆ, ತಿರುಳು ಇನ್ನೂ ಅಂಟಿಕೊಂಡಿದೆ. ಒಳಗೆ ಉಂಡೆ ಲೊಟಲೊಟ ಉರುಳಿದರೆ ಗಿಟುಕಾಗಿದೆ, ಈ ಕಡೆ ರಾಶಿಗೆ. ಮೂರು ಸದ್ದು, ಮೂರು ತೀರ್ಮಾನ. ಒಂದು ಪದರ ಇನ್ನೊಂದರಿಂದ ಬಿಟ್ಟಿದೆಯಾ ಅನ್ನುವುದನ್ನು ಮುರಿಯದೆ ತಿಳಿಯುವುದು ಅಂದರೆ ಇದೇ.

ಹ್ಯಾಂಗರಿನಲ್ಲೂ ಕಿವಿಯ ಕೆಲಸ ಇದೆ. ಜೇನುಗೂಡಿನಂಥ ತಿರುಳಿರುವ ಪ್ಯಾನೆಲ್ಲುಗಳನ್ನು ಪುಟ್ಟ ಸುತ್ತಿಗೆಯಿಂದ ಟಕ್ ಟಕ್ ತಟ್ಟುತ್ತಾ ಹೋಗುತ್ತೇವೆ. ಅಂಟು ಬಿಟ್ಟಲ್ಲಿ ಸದ್ದು ಮಂಕಾಗುತ್ತದೆ. ನೂರು ಮೈಕ್ರಾನ್ ಬಣ್ಣಕ್ಕೆ ಮಾತ್ರ ಕಿವಿ ಸಾಲದು. ಅದಕ್ಕೆ ಥರ್ಮೋಗ್ರಫಿ. ಫ್ಲಾಶ್ ದೀಪ ಪಳ್ ಅಂತ ಹೊತ್ತಿ ಆರುತ್ತದೆ, ಮೈ ಒಂದಿಷ್ಟು ಬಿಸಿಯಾಗುತ್ತದೆ, ಇನ್‌ಫ್ರಾರೆಡ್ ಕ್ಯಾಮೆರಾ ಅದು ತಣಿಯುವುದನ್ನು ನೋಡುತ್ತದೆ. ಬಣ್ಣ ಗಟ್ಟಿಯಾಗಿ ಕೂತ ಕಡೆ ಬಿಸಿ ಬೇಗ ಕೆಳಗಿನ ಲೋಹಕ್ಕೆ ಇಳಿಯುತ್ತದೆ. ಬಿಟ್ಟುಕೊಂಡ ಕಡೆ ಮಧ್ಯದ ಗಾಳಿ ತಡೆಯುವುದರಿಂದ ಬಿಸಿ ಮೇಲೇ ಉಳಿದು, ಪರದೆಯ ಮೇಲೆ ಬೆಳ್ಳಗೆ ಒಂದು ಕಲೆ ಕಾಣುತ್ತದೆ. ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕೇ ರೆಕಾರ್ಡ್ ಮಾಡಿಕೊಂಡು ಆಮೇಲೆ ಒಂದೊಂದೇ ಚಿತ್ರ ನಿಲ್ಲಿಸಿ ನೋಡುತ್ತೇವೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇದು ಹೊರಮೈಯ ಬಣ್ಣವಲ್ಲ, ಇಂಜಿನ್ ಒಳಗಿನ ಲೇಪ.

ಜೆಟ್ ಇಂಜಿನ್ನಿನ ಟರ್ಬೈನ್ ಬ್ಲೇಡುಗಳನ್ನು ನಿಕಲ್ ಮಿಶ್ರಲೋಹದಿಂದ ಮಾಡುತ್ತಾರೆ. ಅದು ಕರಗುವ ಬಿಸಿಗಿಂತ ಮೇಲಿನ ಬಿಸಿಯ ಗಾಳಿ ಅವುಗಳ ಮೇಲೆ ಹಾಯುತ್ತದೆ. ಒಳಗಿಂದ ತಂಪು ಗಾಳಿ ಹರಿಸುತ್ತಾರೆ, ಹೊರಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯ ತೆಳು ಹೊದಿಕೆ ಹಾಕುತ್ತಾರೆ. ಅದೂ ಒಂದೆರಡು ಎ4 ಹಾಳೆಯಷ್ಟು ದಪ್ಪ. ಅಷ್ಟು ತೆಳು ಹೊದಿಕೆ, ಒಳಗಿನ ತಂಪು ಗಾಳಿಯ ಜೊತೆ ಸೇರಿ, ಲೋಹದ ಬಿಸಿಯನ್ನು ನೂರು ಡಿಗ್ರಿಗೂ ಹೆಚ್ಚು ಇಳಿಸುತ್ತದೆ. ಪಿಂಗಾಣಿಗೂ ಬ್ಲೇಡಿಗೂ ನಡುವೆ ಬಾಂಡ್ ಕೋಟ್ ಅಂತ ಒಂದು ಲೋಹದ ಪದರ. ಬಳಕೆಯಲ್ಲಿ ಅದರ ಮೇಲೆ ತಾನಾಗಿಯೇ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಬೆಳೆಯುತ್ತದೆ, ಕೆಲವೇ ಮೈಕ್ರಾನ್. ಪಿಂಗಾಣಿ ಉದುರುವುದು ಹೆಚ್ಚಾಗಿ ಈ ಅಲ್ಯೂಮಿನಾದ ಆಸುಪಾಸಿನಿಂದಲೇ. ಬೋರ್‌ಸ್ಕೋಪ್ ಅನ್ನುವ ಉದ್ದ ಕೊಳವೆಯ ಕ್ಯಾಮೆರಾವನ್ನು ಇಂಜಿನ್ ಒಳಗೆ ಹಾಕಿ ನೋಡಿದರೆ ಉದುರಿದ ಮೇಲೆ ಕಾಣುತ್ತದೆ. ಉದುರುವ ಮೊದಲು ಹೇಗೆ ತಿಳಿಯುವುದು?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹತ್ತು ದಿನ ಇದನ್ನು ಕೂತು ನೋಡುವ ಅವಕಾಶ ಸಿಕ್ಕಿತು. ಮೇಜಿನ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ. ಬ್ಲೇಡಿಗೆ ಹಾಕುವ ಅದೇ ಲೋಹ, ಅದೇ ಪದರಗಳು. ಕುಲುಮೆಯಲ್ಲಿ 1100 ಡಿಗ್ರಿಗೆ ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ, ನೂರಾರು ಸಲ ಮಾಡಿದ್ದು. ಅದರ ಮೇಲೆ ಹಸಿರು ಲೇಸರಿನ ಒಂದು ಚುಕ್ಕಿ ಬಿಟ್ಟರು. ಬೆಳಕು ಪಿಂಗಾಣಿಯ ಮೂಲಕ ಕೆಳಗೆ ಇಳಿದು ಅಲ್ಯೂಮಿನಾವನ್ನು ಮುಟ್ಟುತ್ತದೆ. ಅಲ್ಲಿಂದ ಕೆಂಪು ಬೆಳಕು ವಾಪಸ್ ಬರುತ್ತದೆ.

ಯಾಕೆ ಕೆಂಪು? ಬಾಂಡ್ ಕೋಟಿನಿಂದ ಒಂದಿಷ್ಟು ಕ್ರೋಮಿಯಂ ಆ ಅಲ್ಯೂಮಿನಾದೊಳಗೆ ಸೇರಿಕೊಂಡಿರುತ್ತದೆ. ಅಲ್ಯೂಮಿನಾದಲ್ಲಿ ಚಿಟಿಕೆ ಕ್ರೋಮಿಯಂ ಅಂದರೆ ಮಾಣಿಕ್ಯ. ಉಂಗುರದಲ್ಲಿ ಕೂರಿಸುವ ಅದೇ ಕೆಂಪು ಹರಳು. 1960ರಲ್ಲಿ ಥಿಯೋಡರ್ ಮೇಮನ್ ಮಾಡಿದ ಮೊದಲ ಲೇಸರ್ ಹೊಮ್ಮಿಸಿದ್ದೂ ಇದೇ 694 ನ್ಯಾನೋಮೀಟರ್ ಅಲೆಯುದ್ದದ ಕೆಂಪು. ಬ್ಲೇಡಿನ ಲೇಪದ ಅಡಿಯಲ್ಲಿ ಯಾರೂ ಇಡದೆಯೇ ಒಂದು ಮಾಣಿಕ್ಯದ ತೆಳು ಹಾಳೆ ಇರುತ್ತದೆ ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಪರದೆಯ ಮೇಲೆ, ಬೆಳಕಿನ ಅಲೆಯುದ್ದದ ಗ್ರಾಫಿನಲ್ಲಿ, ಆ ಕೆಂಪು ಎರಡು ಚೂಪು ಶಿಖರಗಳಾಗಿ ಕಾಣುತ್ತದೆ, ಅಕ್ಕಪಕ್ಕ. ಹರಳನ್ನು ಒತ್ತಿದರೆ ಎರಡೂ ಒಟ್ಟಿಗೆ ಒಂಚೂರು ಪಕ್ಕಕ್ಕೆ ಸರಿಯುತ್ತವೆ. ಸರಿದದ್ದು ಎಷ್ಟು ಅಂತ ನೋಡಿದರೆ ಒತ್ತಡ ಎಷ್ಟು ಅಂತ ಲೆಕ್ಕ ಹಾಕಬಹುದು. ಗಟ್ಟಿಯಾಗಿ ಅಂಟಿಕೊಂಡ ಅಲ್ಯೂಮಿನಾವನ್ನು, ತಣ್ಣಗಾದಾಗ ಜಾಸ್ತಿ ಕುಗ್ಗುವ ಲೋಹ ಹಿಂಡುತ್ತದೆ. ಮೂರು ಗಿಗಾಪಾಸ್ಕಲ್, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಒಂದು ಚದರ ಸೆಂಟಿಮೀಟರಿನ ಮೇಲೆ 30 ಟನ್ ಹೇರಿದ ಹಾಗೆ. ಅಷ್ಟಿದ್ದೂ ಶಿಖರ ಸರಿಯುವುದು ಒಂದು ನ್ಯಾನೋಮೀಟರಿಗಿಂತ ಕಡಿಮೆ. ಅಲ್ಯೂಮಿನಾ ಬಿರುಕು ಬಿಟ್ಟರೆ, ಕೆಳಗಿನ ಹಿಡಿತ ತಪ್ಪಿದರೆ, ಒತ್ತಡ ಇಳಿಯುತ್ತದೆ. ಶಿಖರಗಳು ತಮ್ಮ ಹಳೇ ಜಾಗಕ್ಕೆ ಹಿಂದಿರುಗುತ್ತವೆ. ಅರ್ಧ ಬಿಟ್ಟು ಅರ್ಧ ಹಿಡಿದಿದ್ದರೆ ಎರಡೂ ಜಾಗದಲ್ಲಿ ಕಾಣುತ್ತವೆ, ಎರಡು ಶಿಖರ ನಾಲ್ಕಾಗುತ್ತವೆ.

ಎಲ್ಲ ಲೇಪಕ್ಕೂ ಇದು ಸುಲಭವಲ್ಲ. ಆವಿಯಿಂದ ಕಂಬ ಕಂಬವಾಗಿ ಬೆಳೆಸಿದ ಪಿಂಗಾಣಿಯಲ್ಲಿ ಬೆಳಕು ಚೆನ್ನಾಗಿ ಇಳಿಯುತ್ತದೆ. ಪ್ಲಾಸ್ಮಾದಿಂದ ಸಿಡಿಸಿದ ಲೇಪದಲ್ಲಿ ರಂಧ್ರ, ಬಿರುಕು ಜಾಸ್ತಿ, ಬೆಳಕು ಚೆದುರಿಹೋಗುತ್ತದೆ. ಅಲ್ಲಿ ಸಿಗ್ನಲ್ ಹುಡುಕುವುದೇ ಒಂದು ಕೆಲಸ.

ಅಳೆಯುವ ಯಂತ್ರ ರಾಮನ್ ಸ್ಪೆಕ್ಟ್ರೋಮೀಟರ್. ರಾಮನ್ ಪರಿಣಾಮವನ್ನು, ಅಂದರೆ ವಸ್ತುವಿಗೆ ತಾಗಿ ಚೆದುರಿದ ಬೆಳಕಿನಲ್ಲಿ ಒಂದಿಷ್ಟು ಬಣ್ಣ ಬದಲಿಸುವುದನ್ನು, ನೋಡುವ ಯಂತ್ರವೇ ಈ ಕೆಂಪು ಬೆಳಕನ್ನೂ ಹಿಡಿಯುತ್ತದೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಹಾಗೆ ಬಣ್ಣ ಬದಲಿಸಿದ ಹೊಸ ಬೆಳಕಿನ ಬಗ್ಗೆ ಉಪನ್ಯಾಸ ಕೊಟ್ಟದ್ದು ಇದೇ ಬೆಂಗಳೂರಿನಲ್ಲಿ.

ಎಂಟನೇ ದಿನ ಇಟ್ಟ ಬಿಲ್ಲೆ ನೋಡಲು ಹೊಸದರ ಹಾಗೇ ಇತ್ತು. ಮೈ ಬೆಳ್ಳಗೆ, ನುಣ್ಣಗೆ, ಒಂದು ಗೆರೆಯೂ ಇಲ್ಲ. ನಾನೇ ಕನ್ನಡಕ ಮೇಲೆತ್ತಿ ಭೂತಗನ್ನಡಿಯಲ್ಲಿ ನೋಡಿದೆ. ಮೂರು ಕಡೆ ಅಳೆದಾಗ ಎರಡೆರಡೇ ಶಿಖರ, ಸರಿದ ಜಾಗದಲ್ಲೇ. ಅಂಚಿನ ಹತ್ತಿರ ನಾಲ್ಕನೇ ಕಡೆ ನಾಲ್ಕು ಶಿಖರ ಎದ್ದವು. ಜಾಗ ಸ್ವಲ್ಪ ಬದಲಿಸಿ ಮತ್ತೆ ಅಳೆದೆವು. ನಾಲ್ಕೇ. ಅಲ್ಲಿನ ಸಂಶೋಧಕಿ ಆ ಜಾಗವನ್ನು ಚಿತ್ರದಲ್ಲಿ ಗುರುತು ಹಾಕಿಕೊಂಡು, ಬಿಲ್ಲೆಯನ್ನು ಬಿಳಿ ಟಿಶ್ಯೂ ಕಾಗದದ ಮೇಲಿಟ್ಟು, ಗಾಜಿನ ಮುಚ್ಚಳ ಮುಚ್ಚಿ ಮೇಜಿನ ಮೇಲೇ ಬಿಟ್ಟರು. "ಕುಲುಮೆಗೆ ಹಾಕಲ್ವಾ?" ಅಂದೆ. "ಬೇಡ, ರಾತ್ರಿ ಇಲ್ಲೇ ಇರಲಿ. ಇವು ಒಮ್ಮೊಮ್ಮೆ ಸುಮ್ಮನೆ ಇಟ್ಟರೂ ಬಿಡ್ತಾವೆ, ಗಾಳಿಯ ತೇವಕ್ಕೆ" ಅಂದರು.

ಬೆಳಗ್ಗೆ ಒಂಬತ್ತಕ್ಕೆ ಹೋದೆ. ಮುಚ್ಚಳ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಕಾಗದದ ಮೇಲೆ, ಬಿಲ್ಲೆಯ ಪಕ್ಕ, ಕಿರುಬೆರಳ ಉಗುರಿನಷ್ಟು ಒಂದು ಬಿಳಿ ಚಕ್ಕೆ ಬಿದ್ದಿತ್ತು. ಬಿಲ್ಲೆಯ ಅಂಚಿನಲ್ಲಿ ಅದೇ ಆಕಾರದ ಬೂದು ಲೋಹ ಕಾಣುತ್ತಿತ್ತು. ಹಿಂದಿನ ದಿನದ ಚಿತ್ರ ಪಕ್ಕದಲ್ಲಿಟ್ಟು ನೋಡಿದೆವು. ಗುರುತು ಹಾಕಿದ್ದ ಚುಕ್ಕಿ ಆ ಬೂದು ಜಾಗದ ನಡುವೆಯೇ ಇತ್ತು. ಚಿಮಟದಿಂದ ಚಕ್ಕೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಮೊಟ್ಟೆಯ ಚಿಪ್ಪಿಗಿಂತ ತೆಳುವಾಗಿತ್ತು.